ಬಾವಿಗೆ ಬಿದ್ದ ದನಿ

ಬನ್ರೇ, ಒಳಗೆ ಬನ್ನಿ. ಬಾಗಿಲು ಹಾಕಿ, ಗಾಳಿ ನುಗ್ತಿದೆ. ಮೊದಲು ಶೂ ಬಿಚ್ಚಿ. ಒಲೆ ಮೇಲೆ ನೀರು ಕಾದಿದೆ, ಬೋಗುಣಿಗೆ ಹುಯ್ಕೊಂಡು ಕಾಲಿಟ್ಕೊಳ್ಳಿ, ಮಾತು ಆಮೇಲೆ. ಗೈಡ್ ಕೆಲಸಕ್ಕೆ ಸೇರಿ ಇನ್ನೂ ಒಂದು ದಿನ, ಆಗಲೇ ನಿಮ್ಮಿಬ್ಬರ ಪಾದ ನೋಡಿ, ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿವೆ. ಅಭ್ಯಾಸ ಆಗತ್ತೆ ಅಂತ ನಾನು ಹೇಳಲ್ಲ. ಆಗಲ್ಲ.

ಆ ಸೊಂಟದ ಮೈಕಿನ ಪೆಟ್ಟಿಗೆ ಬಿಚ್ಚಿಡ್ರೇ. ಆಫ್ ಮಾಡಿ. ಹಾಗಲ್ಲ... ಕೆಂಪು ದೀಪ ಆರೋ ತನಕ ಒತ್ತಿ ಹಿಡೀರಿ. ಹ್ಞಾಂ. ನಮ್ಮ ಮನೇಲಿ ಇರೋ ತನಕ ಇದೊಂದು ನೆನಪಿಟ್ಕೊಳ್ಳಿ, ಹೊಸ್ತಿಲು ದಾಟಿದ ಮೇಲೆ ಅದು ಉಸಿರೆತ್ತಬಾರ್ದು.

ಯಾವ ದಾರೀಲಿ ಬಂದ್ರಿ? ಉಪ್ಪುಬಾವಿ ಗಲ್ಲೀಲಾ?

ಅಯ್ಯೋ ನಿಮ್ಮ... ಹತ್ತಿರ ಆಗತ್ತೆ ಅಂತ ಬಂದಿರ್ತೀರಿ, ನಂಗೊತ್ತು. ಕಾಲು ಕಿತ್ಕೊಂಡು ಬರ್ತಿರೋವಾಗ ಎಲ್ರಿಗೂ ಅದೇ ದಾರಿ ಕಾಣೋದು. ಯಾರಾದ್ರೂ ಕರೆದ ಹಾಗೆ ಕೇಳಿಸ್ತಾ? ಇಲ್ವಾ. ಸರಿ, ಒಳ್ಳೇದಾಯ್ತು.

ಹೆದರಿಸ್ತಿಲ್ಲ ಕಣ್ರೇ. ಹೆದರಿಸೋಕೆ ನನ್ನ ಮೈಯಲ್ಲಿ ಶಕ್ತಿ ಎಲ್ಲಿದೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನಾದ್ತಿರೋಳು ನಾನು. ಆದ್ರೆ ನೀವು ಇವತ್ತಿಂದ ಇಲ್ಲೇ ಮಲಗೋರು. ಗೊತ್ತಿರ್ಲಿ ಅಂತ ಹೇಳ್ತೀನಿ. ಮೆಲ್ಲಗೆ ಮಾತಾಡೋಣ, ಈ ಗೋಡೆ ಆಚೆ ಯುನ್‌ಶಿಯಾ ಮಲಗಿದಾಳೆ. ನನ್ನ ಚಿಕ್ಕಮ್ಮನ ಮಗಳು. ಇದು ಅವಳದ್ದೇ ಕತೆ... ಕತೆ ಅಲ್ಲ, ನಡೆದದ್ದು. ನಾನೇ ಜೊತೇಲಿದ್ದೆ.

ಮೂರು ವರ್ಷದ ಹಿಂದೆ ಅವಳೂ ನಿಮ್ಮ ಹಾಗೆ ಗೈಡು. ಹದಿನಾಲ್ಕು ವರ್ಷ ಅದೇ ಕೆಲಸ. ದಿನಕ್ಕೆ ಆರು ಗುಂಪು. ದಕ್ಷಿಣದ ಹೆಬ್ಬಾಗಿಲಲ್ಲಿ ಜನ ಹಿಡಿಯೋದು, ಕೋಟೆ ಗೋಡೆ ಹತ್ತಿಸೋದು, ಕೊತ್ತಲ ಎಣಿಸೋದು, ಇಳಿಸೋದು, ಹಳೇ ಕಚೇರಿ ತೋರಿಸೋದು, ಕೆಂಪು ಲಾಟೀನಿನ ಬೀದಿ ತೋರಿಸೋದು, ಕೊನೇಗೆ ಉಪ್ಪುಬಾವಿ. ಅಲ್ಲಿ ಗುಂಪು ಒಡೆದು, ಮತ್ತೆ ದಕ್ಷಿಣದ ಹೆಬ್ಬಾಗಿಲಿಗೆ ಓಡೋದು. ಹೇಳಿದ್ದೇ ಹೇಳಿ ಹೇಳಿ ನಿದ್ದೇಲೂ ಅವಳು "ಮೆಟ್ಟಿಲು ಜೋಪಾನ, ಬಲಗಡೆ ನೋಡಿ" ಅಂತಿದ್ಲು. ಈ ಪ್ರವಾಸಿಗಳೋ... ನಮ್ಮ ಅಂಗಳಕ್ಕೇ ಕತ್ತು ಹಾಕಿ, ನಾನು ಹಗ್ಗದ ಮೇಲೆ ಒಣಗೋಕೆ ಹಾಕಿರೋ ಒಳಲಂಗ ಎದುರಿಗೇ ನೇತಾಡ್ತಿದ್ರೂ, "ಇಲ್ಲಿ ನಿಜವಾಗ್ಲೂ ಜನ ವಾಸ ಮಾಡ್ತಾರಾ?" ಅಂತ ಕೇಳ್ತಾರೆ. ಇಲ್ಲ ಕಣಪ್ಪಾ, ದೆವ್ವಗಳು ಬಟ್ಟೆ ಒಗೆದು ಹಾಕ್ಕೊಂಡಿವೆ ಅಂತ ನಾನೂ ಅಂತಿದ್ದೆ. ಆಗ ಹಾಗೆ ಅನ್ನೋ ಧೈರ್ಯ ಇತ್ತು.

ಅವಳ ಗಂಡ ಕಲ್ಲಿದ್ದಲು ಲಾರಿ ಓಡಿಸ್ತಾನೆ, ಎರಡು ತಿಂಗಳಿಗೊಂದು ಸಲ ಬಂದ್ರೆ ಹೆಚ್ಚು. ಅದಕ್ಕೇ ಅವಳೂ ಮಗಳೂ ನನ್ನ ಹಿತ್ತಲ ಕೋಣೇಲೇ ಇರೋದು. ಮಗಳ ಹೆಸರು ಯಾಯಾ. ಆಗ ಏಳು ವರ್ಷ. ಬಾಯಿ ಅಂದ್ರೆ ಬಾಯಿ. ನನ್ನ ನೂಡಲ್ಸ್ ಅಂಗಡಿಗೆ ಬಂದವರಿಗೆಲ್ಲ "ವಿನಿಗರ್ ಇನ್ನೂ ಹಾಕ್ಕೊಳ್ಳಿ, ನಮ್ಮ ದೊಡ್ಡಮ್ಮ ಅದಕ್ಕೆ ಕಾಸು ಕೇಳಲ್ಲ" ಅಂತ ಹೇಳ್ಕೊಡೋದು.

ಅಕ್ಟೋಬರ್ ರಜಾ ವಾರ. ನೀವಿನ್ನೂ ನೋಡಿಲ್ಲ ಆ ಜನ, ನೋಡ್ತೀರಿ. ಬೀದೀಲಿ ಕಾಲಿಟ್ರೆ ಸಾಕು, ನಡೀಬೇಕಾಗಿಲ್ಲ, ಅವರೇ ತಳ್ಕೊಂಡು ಹೋಗ್ತಾರೆ. ಶಾಲೆಗೂ ರಜ. ಮೊದಲನೇ ದಿನ ಮಧ್ಯಾಹ್ನ ಯಾಯಾ ಅಮ್ಮನ ಹಿಂದೆ ಬಿದ್ದು ಒಂದೇ ಗೋಳು. ಯುನ್‌ಶಿಯಾ ಅಂದ್ಲು, "ಐದು ಗಂಟೆಗೆ ಉಪ್ಪುಬಾವಿ ಹತ್ರ ಬಂದು ಕೂತಿರು. ನನ್ನ ಕೊನೇ ಗುಂಪು ಅಲ್ಲೇ ಮುಗಿಯತ್ತೆ. ನಾನು ಕರೀತೀನಿ. ಕರೆಯೋ ತನಕ ಕದಲ್ಬೇಡ, ಈ ಜನದಲ್ಲಿ ಕಳೆದುಹೋದ್ರೆ ಸಿಗಲ್ಲ." ಆಮೇಲೆ ಇಬ್ರೂ ಸೇರಿ ಸಕ್ಕರೆ ಪಾಕದ ಹಣ್ಣಿನ ಕಡ್ಡಿ ತಿನ್ನೋದು ಅಂತ ಮಾತಾಯ್ತು.

ಮಗು ಐದಕ್ಕೆ ಹೋಗಿ ಕೂತಿತು.

ನಾಲ್ಕೂ ಮುಕ್ಕಾಲಿಗೆ ಯುನ್‌ಶಿಯಾ ಕೈಗೆ ಇನ್ನೊಂದು ಗುಂಪು ಕೊಟ್ರು. ಅದು ಮುಗಿಯೋ ಹೊತ್ತಿಗೆ ಮತ್ತೊಂದು. ಬಾವಿ ಗಲ್ಲಿ ತುಂಬಿಹೋಗಿದೆ, ಗುಂಪುಗಳನ್ನ ಗಲ್ಲಿ ಬಾಯಿಂದಾನೇ ತಿರುಗಿಸಿ ಅಂತ ಅಪ್ಪಣೆ. ಎರಡು ಸಲ ಅವಳು ಆ ಗಲ್ಲಿ ಬಾಯಲ್ಲಿ ಬಾವುಟ ಎತ್ತಿ ಹಿಡಿದು, ಮೈಕಲ್ಲಿ "ಬನ್ನಿ ಬನ್ನಿ, ಬೇಗ ಬನ್ನಿ, ಯಾರೂ ಹಿಂದೆ ಉಳೀಬೇಡಿ" ಅಂತ ಕೂಗ್ತಾ ಹಾದುಹೋದ್ಲು. ಮಗಳು ಮೂವತ್ತು ಮಾರು ದೂರದಲ್ಲಿ ಕೂತಿದೆ ಅನ್ನೋದು ತಲೇಲೇ ಇಲ್ಲ. ಮರೆತುಹೋಗಿತ್ತು ಅಂತ ನನ್ನ ಹತ್ರ ಒಪ್ಕೊಂಡ್ಲು. ಬೈಯೋಕೆ ನನಗೆ ಬಾಯಿ ಬರ್ಲಿಲ್ಲ. ನಾನೇನು ನೆನಪಿಟ್ಕೊಂಡಿದ್ನಾ? ನಾನೂ ಅಂಗಡೀಲಿ ಹಿಟ್ಟಿನ ಮುದ್ದೆಯಿಂದ ನೂಡಲ್ಸ್ ಹೆರೀತಾ ನಿಂತಿದ್ದೆ.

ಎಂಟೂವರೆಗೆ ಸೊಂಟದ ಮೈಕು ಬಿಚ್ಚೋವಾಗ ನೆನಪಾಯ್ತಂತೆ. ಓಡಿದ್ಲು.

ಯಾಯಾ ಬಾವಿಕಟ್ಟೆ ಮೇಲೇ ಇತ್ತು. ಗಲ್ಲಿ ಕಡೆ ಬೆನ್ನು, ಬಾವಿ ಕಡೆ ಮುಖ. ಬಾವಿ ಬಾಯಿಗೆ ಕಬ್ಬಿಣದ ಜಾಲರಿ ಇದೆಯಲ್ಲ, ಆ ಕಂಬಿ ಹಿಡ್ಕೊಂಡು ಒಳಗೆ ನೋಡ್ತಾ ಕೂತಿತ್ತು. ಅಳು ಇಲ್ಲ. ಎತ್ಕೊಂಡ್ರೆ ಮೈ ತಣ್ಣಗೆ. ಒಂದೇ ಮಾತು ಆಡ್ತಂತೆ.

"ನೀನು ಬಾ ಬಾ ಅಂದಾಗೆಲ್ಲ ನಾನು ಬಂದೆ ಬಂದೆ ಅಂದೆ... ನಿನಗೆ ಕೇಳಿಸ್ಲೇ ಇಲ್ಲ."

ಅಷ್ಟೇ. ಮಾರನೇ ದಿನದಿಂದ ಮಗು ಬಾಯಿ ಬಿಡಲಿಲ್ಲ. ಅನ್ನ ನೀರು ಇಲ್ಲ. ಕಣ್ಣು ತೆರೆದಿರತ್ತೆ, ಎದುರಿಗೆ ಕೈ ಆಡಿಸಿದ್ರೂ ರೆಪ್ಪೆ ಬಡಿಯಲ್ಲ. ಆಸ್ಪತ್ರೇಲಿ ರಕ್ತ ನೋಡಿದ್ರು, ತಲೆ ನೋಡಿದ್ರು, ಎಲ್ಲಾ ಸರಿ ಇದೆ ಅಂದ್ರು. ಗ್ಲೂಕೋಸ್ ಹಾಕಿ ಕಳಿಸಿದ್ರು. ಯುನ್‌ಶಿಯಾ ರಜ ಕೇಳಿದ್ಲು. ರಜಾ ವಾರದಲ್ಲಿ ಗೈಡ್‌ಗಳಿಗೆ ಎಲ್ಲಿಯ ರಜ! ಬೇಕಾದ್ರೆ ಕೆಲಸ ಬಿಟ್ಟುಹೋಗು ಅಂದ್ರಂತೆ. ಬಿಟ್ರೆ ನಾಳೆ ಆಸ್ಪತ್ರೆಗೆ ಏನು ಮಾಡ್ತಾಳೆ? ಬೆಳಿಗ್ಗೆ ಮಗಳ ಬಾಯಿಗೆ ಚಮಚ ಇಟ್ಟು ನೋಡೋದು, ಅದು ಹೊರಗೇ ಸುರಿಯೋದು, ಒರೆಸಿ, ಕಣ್ಣೊರೆಸ್ಕೊಂಡು, ಬಾವುಟ ಹಿಡಿದು ಹೊರಡೋದು.

ಮೂರನೇ ದಿನ ಪಕ್ಕದ ಮನೆ ಹೌ ಅಜ್ಜಿ ಬಂತು. ಎಂಬತ್ತೆಂಟು ವರ್ಷ. ಮಗುವಿನ ಕಿವಿ ಹಿಂದೆ ಮುಟ್ಟಿ ನೋಡ್ತು. "ಇದು ಬೆದರಿದೆ ಕಣ್ರೇ. ಜೀವ ಬಾವಿ ಹತ್ರಾನೇ ಕೂತಿದೆ, ಮೈ ಮಾತ್ರ ಎತ್ಕೊಂಡು ಬಂದಿದೀರಿ. ಕರೀಬೇಕು."

ನಮ್ಮಲ್ಲಿ ಮಗು ಬೆದರಿದ್ರೆ ಕರೆಯೋ ಪದ್ಧತಿ ಇದೆ, ನಿಮ್ಮೂರಲ್ಲೂ ಇರತ್ತೆ ಬಿಡಿ. ನಮ್ಮ ಕಡೆ ಹೀಗೆ. ಮೂರು ಸಂಜೆ, ಬಿಡದ ಹಾಗೆ, ದೀಪ ಹಚ್ಚೋ ಹೊತ್ತಿಗೆ. ಹೆತ್ತ ತಾಯಿ ಮಗುವಿನ ಅಂಗಿ ಹಿಡ್ಕೊಂಡು ಬೆದರಿದ ಜಾಗಕ್ಕೆ ಹೋಗಿ ಹೆಸರು ಹಿಡಿದು ಮನೆಗೆ ಬಾ ಅಂತ ಕರೀಬೇಕು. ಬೇರೆ ಯಾರ ದನಿಯೂ ನಡಿಯಲ್ಲ. ಹಿಂದೆ ಒಬ್ಬರು ನಿಂತು, ಮಗುವಿನ ಪರವಾಗಿ "ಬಂದೆ" ಅನ್ಬೇಕು. ಹಾಗೇ ಕರೀತಾ, ಉತ್ತರ ಕೊಡ್ತಾ ಮನೆಗೆ ಬರ್ಬೇಕು. ತಿರುಗಿ ನೋಡಬಾರ್ದು. ಬೇರೆ ಮಾತಾಡಬಾರ್ದು. ಮನೆಗೆ ಬಂದು ಆ ಅಂಗಿ ಮಗುವಿಗೆ ತೊಡಿಸ್ಬೇಕು.

"ಒಂದು ಕರೆಗೆ ಒಂದು ಉತ್ತರ," ಅಂತ ಅಜ್ಜಿ ನನ್ನ ಕೈ ಹಿಡಿದು ಹೇಳ್ತು. "ತಪ್ಪಿಸಬೇಡ ಸೂಲಾನ್. ಕರೆದದ್ದಕ್ಕೆ ನೀನು ಉತ್ತರ ಕೊಡದಿದ್ರೆ, ಕೊಡೋರು ಬೇರೆ ಇರ್ತಾರೆ."

ಉತ್ತರ ಕೊಡೋಳು ನಾನೇ ಆದೆ.

ಮೊದಲನೇ ಸಂಜೆ ಅವಳ ದನಿ ಒಡೆದಿತ್ತು, ಆದ್ರೂ ಕರೆದ್ಲು. "ಯಾಯಾ... ಮನೆಗೆ ಬಾರೇ..." ನಾನು "ಬಂದೆ" ಅಂದೆ. ಬಾವಿಯಿಂದ ಮನೆಗೆ ಒಂಬತ್ತು ಸಲ ಕರೆದ್ಲು, ಒಂಬತ್ತು ಸಲ ನಾನು ಅಂದೆ. ಪ್ರವಾಸಿಗಳು ನಮ್ಮನ್ನೂ ನಾಟಕ ಅಂದ್ಕೊಂಡು ಫೋಟೋ ತೆಗೆದ್ರು, ತೆಗೀಲಿ. ರಾತ್ರಿ ಯಾಯಾ ಎರಡು ಚಮಚ ನವಣೆ ಗಂಜಿ ನುಂಗ್ತು. ನನಗೆ ಅಲ್ಲೇ ಕುಣಿಯೋ ಹಾಗಾಯ್ತು. ಎರಡನೇ ಸಂಜೆ ಅವಳ ದನಿ ಅರ್ಧಕ್ಕರ್ಧ ಗಾಳಿ. ಆದ್ರೂ ಕೇಳಿಸ್ತು ಅನ್ಸತ್ತೆ. ಮಗು "ನೀರು" ಅಂತು. ನಮ್ಮಿಬ್ಬರ ಮುಖಾನೂ ಗುರುತು ಹಿಡೀಲಿಲ್ಲ, ಆದ್ರೆ ನೀರು ಅಂತು.

ಇನ್ನೊಂದೇ ಸಂಜೆ.

ಮಾರನೇ ದಿನ ರಜಾ ವಾರದ ಆರನೇ ದಿನ. ನಾಲ್ಕನೇ ಗುಂಪಿನ ಹೊತ್ತಿಗೆ ಯುನ್‌ಶಿಯಾ ದನಿ ನಿಂತುಹೋಯ್ತು. ಮೈಕಿಗೂ ಸಿಕ್ಕದಷ್ಟು. ಆ ಪೆಟ್ಟಿಗೇಲಿ ಮಾತು ತುಂಬಿಡೋಕೆ ಬರತ್ತಲ್ಲ, ಅದರಲ್ಲಿ ಮೊದಲೇ ತುಂಬಿಟ್ಟಿದ್ದ ಮಾತು ಹಾಕ್ಕೊಂಡು ತಿರುಗಿದ್ಲು. "ಟಿಕೆಟ್ ಕೈಯಲ್ಲಿಟ್ಕೊಳ್ಳಿ... ಟಿಕೆಟ್ ಕೈಯಲ್ಲಿಟ್ಕೊಳ್ಳಿ..." ಮಧ್ಯಾಹ್ನ ನನ್ನ ಅಡುಗೆಮನೆಗೆ ಬಂದು ಹಿಟ್ಟಿನ ಮೂಟೆ ಮೇಲೆ ಕುಸಿದು ಕೂತ್ಲು. ಬಾಯಿ ಆಡತ್ತೆ, ಬರೀ ಉಸಿರು.

"ಅಕ್ಕಾ... ಸಂಜೆ ಹೇಗೆ ಕರೀಲಿ?"

ಆ ಉಪಾಯ ಕೊಟ್ಟಿದ್ದು ನಾನು. ಅವಳಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಜೇನು ಹಾಕಿ ಬಿಸಿನೀರು ಕುಡಿಸಿದೆ, ಗಂಟಲಿಗೆ ಬಿಸಿ ಬಟ್ಟೆ ಸುತ್ತಿದೆ. ಒಂದುಸಿರಿನಷ್ಟು ದನಿ ಬಂತು. "ಇದೇ ದನೀನ ಈಗಲೇ ಮೈಕಿಗೆ ತುಂಬಿಬಿಡೇ," ಅಂದೆ. "ಸಂಜೆ ಅದೇ ಹೇಳ್ಲಿ. ದನಿ ನಿಂದೇ ತಾನೆ?"

ಅವಳು ನನ್ನ ಮುಖ ನೋಡಿದ್ಲು. ಬೇಡ ಅನ್ನೋಕೂ ಶಕ್ತಿ ಇರ್ಲಿಲ್ಲ. ಗುಂಡಿ ಒತ್ತಿ, ಕಣ್ಣು ಮುಚ್ಚಿ, "ಯಾಯಾ... ಮನೆಗೆ ಬಾರೇ..." ಅಂದ್ಲು. ಎಂಥಾ ದನಿ ಅಂತೀರಿ. ನಾನು ಲಟ್ಟಣಿಗೆ ಬಿಟ್ಟು ಅತ್ತೆ. ಆಮೇಲೆ ಅವಳಿಗೆ ಅಷ್ಟೂ ಹೋಯ್ತು.

ಹೌ ಅಜ್ಜೀನ ಕೇಳಬೇಕಿತ್ತು. ಗೋಡೆ ಪಕ್ಕದ ಮನೆ. ಕೇಳ್ಲಿಲ್ಲ... ಬೇಡ ಅನ್ನತ್ತೆ ಅಂತ ಗೊತ್ತಿತ್ತೇನೋ.

ಸಂಜೆ ದೀಪ ಹಚ್ಚೋ ಹೊತ್ತಿಗೆ ಹೋದ್ವಿ. ಬೀದೀಲಿ ಎಳ್ಳು ಹಾಕಿದ್ರೂ ಕೆಳಗೆ ಬೀಳಲ್ಲ, ಅಷ್ಟು ಜನ. ಬಾವಿ ಗಲ್ಲಿಗೆ ತಿರುಗಿದ್ವಿ... ಒಂದು ನರಪಿಳ್ಳೆ ಇಲ್ಲ. ಆ ವಾರದಲ್ಲಿ ಆ ಗಲ್ಲಿ ಖಾಲಿ ಇದ್ದದ್ದು ಅದೊಂದೇ ಸಲ. ಬೀದಿ ಗದ್ದಲ ಬಾಗಿಲು ಹಾಕಿದ ಹಾಗೆ ಹಿಂದೆ ಉಳೀತು. ಲಾಟೀನು ಗಾಳಿಗೆ ಕಿರ್... ಕಿರ್... ಅಂತಿತ್ತು.

ಯುನ್‌ಶಿಯಾ ಎಡಗೈಲಿ ಯಾಯಾಳ ಹಳದಿ ಅಂಗಿ, ಬಲಗೈಲಿ ಮೈಕಿನ ಪೆಟ್ಟಿಗೆ. ಬಾವಿಕಟ್ಟೆ ಹತ್ರ ನಿಂತು ಗುಂಡಿ ಒತ್ತಿದ್ಲು. ಟಿಕ್. ಸೊರ್ರ್ ಅಂತು. ಆಮೇಲೆ ಆ ದನಿ.

"ಯಾಯಾ... ಮನೆಗೆ ಬಾರೇ..."

"ಬಂದೆ," ಅಂದೆ.

ಇನ್ನು ತಿರುಗಿ ಹೊರಡಬೇಕು. ಅಷ್ಟರಲ್ಲಿ ಮತ್ತೆ, "ಯಾಯಾ... ಮನೆಗೆ ಬಾರೇ..." ನಾನು "ಬಂದೆ" ಅಂದೆ. ಅದು ನಿಲ್ಲದೆ ಮತ್ತೆ. ಆಗ ಗೊತ್ತಾಯ್ತು. ಒಂದೇ ಸಲ ಹೇಳೋ ಗುಂಡಿ ಬೇರೆ, ಬಿಡದೆ ಹೇಳ್ತಾ ಇರೋ ಗುಂಡಿ ಬೇರೆ. ದಿನವಿಡೀ ಟಿಕೆಟ್ ಟಿಕೆಟ್ ಅನ್ನಿಸೋಕೆ ಒತ್ತಿದ್ದ ಗುಂಡೀನೇ ಅವಳ ಕೈ ತಾನಾಗಿ ಒತ್ತಿತ್ತು. ದಣಿದ ಕೈ, ಅದಕ್ಕೇನು ಗೊತ್ತು.

ಮೂರನೇ ಸಲಕ್ಕೂ ಉತ್ತರ ಕೊಟ್ಟೆ. ನಾಲ್ಕಕ್ಕೂ ಕೊಟ್ಟೆ. ಐದನೇ ಸಲ... ಉಸಿರು ಎಳ್ಕೊಳ್ತಿದ್ದೆ ಕಣ್ರೇ. ಒಂದು ಗಳಿಗೆ ತಡ ಆಯ್ತು.

"ಬಂದೆ."

ನಾನಲ್ಲ.

ಜಾಲರಿ ಕೆಳಗಿಂದ ಬಂತು. ಸಣ್ಣ ದನಿ. ಮಗುವಿಂದು. ನನ್ನ ದನಿಯೇ ಬಾವೀಲಿ ತಿರುಗಿ ಬಂದಿರ್ಬೇಕು ಅಂತ ನೀವು ಅಂತೀರಿ, ನಾನೂ ಅಂದ್ಕೊಂಡೆ. ಆದ್ರೆ ನಾನು ಬಾಯೇ ತೆರೆದಿರ್ಲಿಲ್ಲ. ಮೈಕು ಮತ್ತೆ ಕರೀತು. ಮತ್ತೆ "ಬಂದೆ". ಈ ಸಲ ಇನ್ನೂ ಹತ್ತಿರ... ಕಂಬಿಗೆ ಬಾಯಿಟ್ಟು ಹೇಳಿದ ಹಾಗೆ.

ಯುನ್‌ಶಿಯಾ ಗುಂಡಿ ಹುಡುಕ್ತಾ ಒದ್ದಾಡಿದ್ಲು. ಪೆಟ್ಟಿಗೆ ಜಾರಿತು. ಜಾಲರೀಲಿ ಒಂದು ಕಂಬಿ ಮುರಿದಿತ್ತು, ಅಲ್ಲೇ ತೂರಿಕೊಂಡು ಹೋಯ್ತು. ಟಣ್ ಅಂತ ಕಂಬಿಗೆ. ಟಕ್, ಟಕ್, ಎರಡು ಸಲ ಇಟ್ಟಿಗೆಗೆ. ಆಮೇಲೆ... ಬುಳುಕ್.

ಆ ಬಾವೀಲಿ ನೀರಿಲ್ಲ ಕಣ್ರೇ. ನಮ್ಮಜ್ಜಿ ಕಾಲಕ್ಕೇ ಬತ್ತಿದ್ದು.

ಕೆಳಗಿಂದ ಅದು ಕರೀತಾನೇ ಇತ್ತು. "ಯಾಯಾ... ಮನೆಗೆ ಬಾರೇ..." ಅವಳದ್ದೇ ದನಿ, ನೀರೊಳಗಿಂದ ಕರೆದ ಹಾಗೆ. ನಾನು ಅವಳ ರಟ್ಟೆ ಹಿಡಿದು ತಿರುಗಿಸಿದೆ. ನಡೆದ್ವಿ. ಓಡಬಾರ್ದು, ತಿರುಗಿ ನೋಡಬಾರ್ದು. ನನ್ನ ಬಾಯಲ್ಲಿ "ಬಂದೆ" ಅನ್ನೋ ಮಾತೇ ಹೊರಡ್ತಿಲ್ಲ, ಪ್ರತಿ ಕರೆಗೂ ಅಲ್ಲಿಂದಲೇ ಉತ್ತರ ಬರ್ತಿದೆ. ಹತ್ತು ಹೆಜ್ಜೆ ಆದ ಮೇಲೆ ಹಿಂದೆ ಕಾಲಿನ ಸದ್ದು. ಚಪ್... ಚಪ್... ನೆನೆದ ಬಟ್ಟೆ ಚಪ್ಪಲಿ ಕಲ್ಲಿಗೆ ಅಂಟಿ ಬಿಡಿಸ್ಕೊಳ್ಳೋ ಸದ್ದು. ಸಣ್ಣ ಕಾಲು.

ಮಾತಾಡಬಾರ್ದು ಅಂತ ಗೊತ್ತಿದ್ದೂ ಪಿಸುಗುಟ್ಟಿದೆ, "ಕೇಳಿಸ್ತಾ?"

ಅವಳು ನನ್ನ ಕೈ ಗಟ್ಟಿಯಾಗಿ ಹಿಸುಕಿದ್ಲು. ಮುಖ ನೋಡ್ತೀನಿ... ನಗ್ತಿದಾಳೆ. ಕಣ್ಣೀರು ಸುರೀತಿದೆ, ನಗ್ತಿದಾಳೆ. ಮಗಳು ಬರ್ತಿದಾಳೆ ಅಂತ ಅವಳಿಗೆ. ಆರು ದಿನದಿಂದ ಸತ್ತು ಬದುಕ್ತಿದ್ದ ತಾಯಿ, ಅವಳಿಗೆ ಬೇರೆ ಏನು ಅನ್ನಿಸತ್ತೆ ಹೇಳಿ.

ಮನೆ ಹೊಸ್ತಿಲು ದಾಟಿದ್ವಿ. ಹಿಂದಿನ ಸದ್ದು ಹೊಸ್ತಿಲ ಹತ್ರ ನಿಂತಿತು. ಒಂದು... ಎರಡು... ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಟಪ್ ಅಂತ ಒಳಗೆ ಬಂತು. ಯುನ್‌ಶಿಯಾ ಓಡಿಹೋಗಿ ಮಗುವಿಗೆ ಅಂಗಿ ತೊಡಿಸಿದ್ಲು. ಗುಂಡಿ ಹಾಕೋ ಹೊತ್ತಿಗೆ ಯಾಯಾ ಎದ್ದು ಕೂತಿತು. ಸುತ್ತ ನೋಡಿತು. "ಹಸಿವಾಗ್ತಿದೆ," ಅಂತು.

ಒಂದೂವರೆ ಬಟ್ಟಲು ನೂಡಲ್ಸ್ ತಿಂತು. ನಾನು ಹೆರೀತಾ, ಅಳ್ತಾ, ಹೆರೀತಾ... ಇನ್ನೇನು ಬೇಕು ನಮಗೆ. ಮಗು ಬದುಕಿತು. ಯುನ್‌ಶಿಯಾ ಅದರ ಪಾದ ಹಿಡ್ಕೊಂಡು ನೆಲದ ಮೇಲೇ ನಿದ್ದೆ ಹೋದ್ಲು. ಹೊಸ್ತಿಲ ಹತ್ರ ಸಣ್ಣ ಒದ್ದೆ ಗುರುತು ಎರಡಿದ್ವು. ನಾನು ಒರೆಸಿದೆ. ಬಟ್ಟೆ ನಾಲಿಗೆಗೆ ತಾಗಿಸಿ ನೋಡಿದೆ, ಯಾಕೋ. ಉಪ್ಪು.

ಬೆಳಿಗ್ಗೆ ಹೌ ಅಜ್ಜಿ ತನ್ನ ಕಿಟಕಿಯಿಂದ ಕೇಳ್ತು. ಎಲ್ಲಾ ಹೇಳಿದೆ. ಬೈಯತ್ತೆ ಅಂದ್ಕೊಂಡಿದ್ದೆ, ಬೈಲಿಲ್ಲ.

"ಎಷ್ಟು ಸಲ ಕರೀತು ಆ ಪೆಟ್ಟಿಗೆ?"

"ಎಣಿಸಲಿಲ್ಲ ಅಜ್ಜಿ."

"ನೀನು ಎಷ್ಟಕ್ಕೆ ಉತ್ತರ ಕೊಟ್ಟೆ?"

"ನಾಲ್ಕು."

ಅಜ್ಜಿ ಕಿಟಕಿ ಎಳ್ಕೊಂಡು, "ಊಟ ಮಾಡ್ತಿದೆಯಲ್ಲ, ಸಾಕು ಬಿಡು," ಅಂತು. ಆ ಚಳಿಗಾಲದಲ್ಲಿ ಅಜ್ಜಿ ತೀರ್ಕೊಂಡಿತು. ಇನ್ನೇನೂ ಹೇಳ್ಲಿಲ್ಲ.

ರಜಾ ವಾರ ಮುಗಿದ ಮೇಲೆ ಬಾವಿ ಜಾಲರಿ ತೆಗೆದು ಗುಡಿಸಿದ್ರು, ಪ್ರತಿ ವರ್ಷ ಗುಡಿಸ್ತಾರೆ. ನಾನು ಹೋಗಿ ನಿಂತು ನೋಡಿದೆ. ನಾಣ್ಯ, ಹೇರ್‌ಪಿನ್ನು, ಯಾರದ್ದೋ ಕನ್ನಡಕ, ಹರಿದ ಟಿಕೆಟ್ಟು. ತಳದಲ್ಲಿ ಬರೀ ಧೂಳು, ಇಳಿದವನು ಸೀನಿ ಸೀನಿ ಸಾಕಾದ. ಮೈಕಿನ ಪೆಟ್ಟಿಗೆ ಇರ್ಲಿಲ್ಲ.

ಆಮೇಲೆ ಯುನ್‌ಶಿಯಾ ಗೈಡ್ ಕೆಲಸ ಬಿಟ್ಲು. ಈಗ ನನ್ನ ಅಂಗಡೀಲೇ ಇದಾಳೆ. ಯಾಯಾ ಶಾಲೆಗೆ ಹೋಯ್ತು, ನಕ್ಕಿತು, ಆಡ್ತು, ಲೆಕ್ಕದಲ್ಲಿ ಮೊದಲಿಗಿಂತ ಚುರುಕು. ಆದ್ರೆ ನನಗೆ ಏನೋ ಒಂದು ಇರುಸುಮುರುಸು. ಒಂದು ತಿಂಗಳು ಬೇಕಾಯ್ತು ಅದೇನು ಅಂತ ಹೊಳೆಯೋಕೆ. ಮಗು ಒಳ್ಳೇ ಮಗು ಆಗಿಬಿಟ್ಟಿತ್ತು. ಯುನ್‌ಶಿಯಾ ಗಂಜಿ ಇಟ್ರೆ ಎದ್ದು ನಿಂತು ಎರಡು ಕೈಲಿ ಬಟ್ಟಲು ತಗೊಳ್ಳೋದು. ತಲೆ ಬಾಚಿದ್ರೆ "ನಿಮಗೆ ತೊಂದ್ರೆ ಆಯ್ತು" ಅನ್ನೋದು. ಹೆತ್ತ ತಾಯಿಗೆ! ನನಗೆ ಮೊದಲಿನ ಹಾಗೇ ದೊಡ್ಡಮ್ಮಾ ಅಂತ ಜಡೆ ಎಳೆಯತ್ತೆ. ಅವಳ ಹತ್ರ ಮಾತ್ರ ನೆಂಟರ ಮನೇಲಿ ಇರೋ ಹಾಗೆ ಇರತ್ತೆ. ಅಮ್ಮಾ ಅನ್ನೋ ಮಾತು ಅದರ ಬಾಯಲ್ಲಿ ನಾನು ಕೇಳ್ಲೇ ಇಲ್ಲ. ಯುನ್‌ಶಿಯಾಗೆ ಹೇಳ್ಲಿಲ್ಲ. ಅವಳಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ನನ್ನ ದನಿ ಬರ್ಲಿ ಅಕ್ಕಾ, ಆಗ ಸರಿಹೋಗತ್ತೆ ಅಂತ ಚೀಟೀಲಿ ಬರೆದು ತೋರಿಸಿದ್ಲು. ನೋಡಿ, ಆ ದಿನದಿಂದ ಅವಳ ದನಿ ವಾಪಸ್ ಬಂದಿರ್ಲಿಲ್ಲ.

ಹೊಸ ವರ್ಷಕ್ಕೆ ಒಂಬತ್ತು ದಿನ ಇತ್ತು. ಸಾಯಂಕಾಲ. ಸಣ್ಣಗೆ ಹಿಮ ಬೀಳ್ತಿತ್ತು. ನಾನು ಒಳಗೆ ಹಿಟ್ಟು ನಾದ್ತಿದ್ದೆ. ಯಾಯಾ ಅಂಗಳದ ಬಾಗಿಲ ಹತ್ರ ಹಿಮ ಗುಡ್ಡೆ ಮಾಡ್ತಾ ಕೂತಿತ್ತು. ಯುನ್‌ಶಿಯಾ ಕೋಣೆಯಿಂದ ಹೊರಗೆ ಬಂದ್ಲು, ಕೆಮ್ಮಿದ್ಲು. ಕೆಮ್ಮಿಗೆ ಸದ್ದು ಬಂತು. ಅವಳೇ ಬೆಚ್ಚಿಬಿದ್ಲು. ಗಂಟಲು ಹಿಡ್ಕೊಂಡು ನನ್ನ ಕಡೆ ನೋಡಿದ್ಲು. ನಾನು ಕರಿ, ಕರಿಯೇ ಅಂತ ಸನ್ನೆ ಮಾಡಿದೆ.

"ಯಾಯಾ..." ಅಂದ್ಲು. ಒಡಕು ಇಲ್ಲ, ಗೊಗ್ಗರು ಇಲ್ಲ. ಅವಳ ಸ್ವಂತ ದನಿ. "ಯಾಯಾ... ಮನೆಗೆ ಬಾರೇ..."

ಮಗು ಥಟ್ಟನೆ ಎದ್ದು ನಿಂತಿತು. ಮುಖ ಅರಳ್ತು. "ಬಂದೆ!" ಅಂತ ಕೂಗಿ... ಬಾಗಿಲಿಂದ ಹೊರಗೆ, ಬಾವಿ ಗಲ್ಲಿ ಕಡೆ ಓಡಿತು. ನಾಲ್ಕು ಹೆಜ್ಜೆ ಓಡಿ ನಿಂತಿತು. ಆ ಕಡೆ ನೋಡಿತು. ತಿರುಗಿ ಯುನ್‌ಶಿಯಾನ ನೋಡಿತು. ಆಮೇಲೆ ಹಿಮ ಒರೆಸ್ಕೊಂಡು ವಾಪಸ್ ಬಂದು, ಅವಳ ಎದುರಿಗೆ ನಿಂತು, ನಾಚ್ಕೊಂಡು ನಕ್ಕಿತು.

"ಆಂಟಿ," ಅಂತು, "ನಿಮ್ಮ ದನಿ ನಮ್ಮಮ್ಮನ ದನಿ ಥರಾನೇ ಇದೆ."

ನಾನು ಅಲ್ಲೇ ಇದ್ದೆ ಕಣ್ರೇ. ಮೊಣಕೈ ತನಕ ಹಿಟ್ಟಿತ್ತು. ಈ ಕಿವೀಲಿ ಕೇಳಿದ್ದು. ಒಂದು ಅಕ್ಷರ ಸೇರಿಸಿಲ್ಲ.

ಯುನ್‌ಶಿಯಾ ಅಳ್ಲಿಲ್ಲ. ಅಳೋಕೂ ಒಂದಿಷ್ಟು ಶಕ್ತಿ ಉಳಿದಿರ್ಬೇಕಲ್ಲ. ಮಗುವಿನ ತಲೆ ಮೇಲಿನ ಹಿಮ ಕೊಡವಿ, "ಹೌದೇನಮ್ಮ... ಒಳಗೆ ಬಾ, ಚಳಿ," ಅಂದ್ಲು. ಅವತ್ತಿಂದ ಅವಳು ಮಗಳನ್ನ ಹೆಸರು ಹಿಡಿದು ಕರೆದಿಲ್ಲ. ಬೇಕಾದ್ರೆ ಹತ್ರ ಹೋಗಿ ಭುಜ ಮುಟ್ತಾಳೆ.

ಕಾಲು ಒರೆಸ್ಕೊಳ್ಳಿ, ನೀರು ತಣ್ಣಗಾಯ್ತು. ಮಲಗಿ. ನಂಬೋದು ಬಿಡೋದು ನಿಮಗೆ ಸೇರಿದ್ದು. ನಾಳೆ ಏಳು ಗಂಟೆಗೆ ಇಲ್ಲೇ ತಿಂಡಿ. ಯುನ್‌ಶಿಯಾ ಬಡಿಸ್ತಾಳೆ, ಯಾಯಾ ನಿಮ್ಮ ಎದುರಿಗೇ ಕೂತಿರತ್ತೆ, ಈಗ ಹತ್ತು ವರ್ಷ. ಅದು ಬಟ್ಟಲು ಮುಂದೆ ಹಿಡಿದು, "ಆಂಟಿ, ಇನ್ನೂ ಸ್ವಲ್ಪ ಗಂಜಿ ಹಾಕ್ತೀರಾ?" ಅನ್ನತ್ತೆ. ಅವಳು ಹ್ಞೂಂ ಅಂತ ಹಾಕ್ತಾಳೆ. ನೀವೇ ನೋಡಿ.